ಮತ್ತೋಡಿನ ಗಾಜು, ಮಣಿಯ ಪಾಠ

ಮುಗಳಖೋಡದ ಜಾತ್ರೆಯಲ್ಲಿ ಬಳೆ, ಮಣಿಸರಗಳ ಅಂಗಡಿಯ ಮುಂದೆ ನಿಲ್ಲದ ಮಕ್ಕಳಿಲ್ಲ. ಗಾಜು ಒಂದು ಕಾಲಕ್ಕೆ ಕನ್ನಡನಾಡಿನ ಹಳ್ಳಿಯಲ್ಲೇ ತಯಾರಾಗುತ್ತಿತ್ತೆಂಬುದು ಮಾತ್ರ ಅನೇಕರಿಗೆ ತಿಳಿಯದು.

ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡು ಅಂಥ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಬಳೆಗಾಜಿನ ಕೆಲಸವನ್ನು ವರ್ಣಿಸಿದ್ದಾನೆ. ಬೆಣಚುಕಲ್ಲಿನ ಪುಡಿಗೆ ಸೌಳು ಮಣ್ಣಿನ ಕ್ಷಾರ ಕೂಡಿ ಗಾಜಾಗುತ್ತಿತ್ತು. ಬೆಣಚುಕಲ್ಲು ತಾನೊಂದೇ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಕ್ಷಾರ ಬೆರೆತರೆ ಸೌದೆಯ ಕುಲುಮೆಯೇ ಸಾಕು. ಆ ಕಸುಬು ಈಗ ಉಳಿದಿಲ್ಲ.

ಇಂದು ಮಣಿ ಮಾಡಲು ಕಲಿಯುವವರು ಅನಿಲದ ಟಾರ್ಚು ಹಿಡಿಯುತ್ತಾರೆ. ಗಾಜಿನ ಕಡ್ಡಿಯನ್ನು ಮೊದಲು ಜ್ವಾಲೆಯ ಅಂಚಿನಲ್ಲಿ ನಿಧಾನವಾಗಿ ಕಾಯಿಸಬೇಕು. ಒಮ್ಮೆಲೇ ಉರಿಗೆ ಹಿಡಿದರೆ ಸಿಡಿಯುತ್ತದೆ. ಮೆತ್ತಗಾದ ಗಾಜನ್ನು ಜೇಡಿಮಣ್ಣು ಲೇಪಿಸಿದ ಉಕ್ಕಿನ ಕಡ್ಡಿಗೆ ಸುತ್ತಿ, ಕಡ್ಡಿಯನ್ನು ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಗಾಜು ಜೋತುಬೀಳುತ್ತದೆ. ತಿರುಗಿಸಿದರೆ ಮೇಲ್ಮೈ ಎಳೆತ ಅದನ್ನು ದುಂಡಗಾಗಿಸುತ್ತದೆ.

ಕಷ್ಟವಿರುವುದು ತಣಿಸುವಲ್ಲಿ. ಹೊರಪದರ ಬೇಗ ಗಟ್ಟಿಯಾಗಿ ಒಳಭಾಗ ತಡವಾಗಿ ಕುಗ್ಗಿದರೆ ಮಣಿ ಬಿರಿಯುತ್ತದೆ. ಆದ್ದರಿಂದ ಬಿಸಿ ಬೂದಿಯಲ್ಲೋ ಸಣ್ಣ ಕುಲುಮೆಯಲ್ಲೋ ಗಂಟೆಗಟ್ಟಲೆ ಇಡುತ್ತಾರೆ.

ಮಕ್ಕಳು ಇದನ್ನು ಕಲಿಯುವುದಾದರೆ ಕಣ್ಣಿಗೆ ರಕ್ಷಣಾ ಕನ್ನಡಕವೂ ಪಕ್ಕದಲ್ಲಿ ಬಲ್ಲ ಹಿರಿಯರೂ ಇರಲೇಬೇಕು.