ಸರಾಸರಿಯ ಕಾಲ

2007ರಲ್ಲಿ ನಾನು ಅಮೆರಿಕದ ಲ್ಯಾಬೊಂದಕ್ಕೆ ಸೇರಿದಾಗ, ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕವಾದ ಕ್ಯೂಬಿಟ್ ಸೊನ್ನೆಯಲ್ಲಿದೆಯೋ ಒಂದರಲ್ಲಿದೆಯೋ ಎಂದು ಒಂದೇ ಸಲಕ್ಕೆ ಖಚಿತವಾಗಿ ಹೇಳಲು ನಮ್ಮಿಂದ ಆಗುತ್ತಿರಲಿಲ್ಲ. ವಿಧಾನವೇನೋ ಗೊತ್ತಿತ್ತು; 2004ರಲ್ಲೇ ಯೇಲ್‌ನವರು ತೋರಿಸಿಕೊಟ್ಟಿದ್ದರು. ಕ್ಯೂಬಿಟ್ ಪಕ್ಕದ ರೆಸೊನೇಟರಿಗೆ, ಅಂದರೆ ಮೈಕ್ರೋವೇವ್ ಅನುರಣಿಸುವ ಸರ್ಕ್ಯೂಟಿಗೆ, ಕೆಲವೇ ಫೋಟಾನುಗಳಷ್ಟು ಮೈಕ್ರೋವೇವ್ ಕಳಿಸಿದರೆ, ಹೊರಬರುವ ಅಲೆಯ ಫೇಸ್ ಕ್ಯೂಬಿಟ್‌ನ ಸ್ಥಿತಿಗೆ ತಕ್ಕಂತೆ ತುಸು ಸರಿದಿರುತ್ತದೆ. ಆ ತುಸುವನ್ನು ಹಿಡಿಯುವುದೇ ಹೆಣಗಾಟ. ಕ್ಯೂಬಿಟ್ಟನ್ನು ತಂಪಾಗಿಡುವ ಫ್ರಿಜ್ಜಿನ 4 ಕೆಲ್ವಿನ್ ತಟ್ಟೆಯ ಮೇಲಿದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತನ್ನದೇ ಗದ್ದಲ ಬೆರೆಸುತ್ತಿತ್ತು. ಸಂಕೇತ ಅದನ್ನು ಮೀರಿ ಏಳಲೆಂದು ಕಾದರೆ, ಅಷ್ಟರಲ್ಲಿ ಕ್ಯೂಬಿಟ್ಟೇ ಒಂದರಿಂದ ಸೊನ್ನೆಗೆ ಬಿದ್ದಿರುತ್ತಿತ್ತು. ಹಾಗಾಗಿ ಅದನ್ನೇ ಸಾವಿರಾರು ಸಲ ಮಾಡಿ ಸರಾಸರಿ ತೆಗೆಯುತ್ತಿದ್ದೆವು. ಪರದೆಯ ಮೇಲೆ ಮೂಡುವ ರೇಖೆ ನುಣುಪಾಗಿ ಚೆಂದವಾಗಿರುತ್ತಿತ್ತು. ಯಾವುದೇ ಒಂದು ಸಲ ಏನಾಯಿತೆಂದು ಮಾತ್ರ ಹೇಳುತ್ತಿರಲಿಲ್ಲ.

ಜೋಸೆಫ್‌ಸನ್ ಸಂಧಿಗಳಿಂದಲೇ (ಎರಡು ಸೂಪರ್‌ಕಂಡಕ್ಟರುಗಳ ನಡುವೆ ತೆಳು ನಿರೋಧಕ ಪದರವಿರುವ ಸಂಧಿಗಳು) ಮಾಡಿದ ಆಂಪ್ಲಿಫೈಯರ್ ಬಂದ ಮೇಲೆ ದಿನಚರಿಯೇ ಬೇರೆಯಾಯಿತು. ಅದು ಕೂರುವುದು ಕ್ಯೂಬಿಟ್ಟಿನ ಜೊತೆಗೇ, ಮಿಲಿಕೆಲ್ವಿನ್ ತಟ್ಟೆಯಲ್ಲಿ. ಅದರ ಗದ್ದಲ ನಿಸರ್ಗ ಅನುಮತಿಸುವ ಕನಿಷ್ಠದ ಹತ್ತಿರ. 2011ರಲ್ಲಿ ಬರ್ಕ್ಲಿಯ ವಿಜಯ್, ಸ್ಲಿಕ್ಟರ್, ಸಿದ್ದಿಕಿ ಕ್ಯೂಬಿಟ್‌ನ ಒಂದು ಸ್ಥಿತಿಯಿಂದ ಇನ್ನೊಂದಕ್ಕಿನ ಜಿಗಿತವನ್ನೇ ಕಣ್ಣಿಗೆ ಕಾಣಿಸಿದರು. ನಮ್ಮಲ್ಲೂ ಮೊದಲ ಸಲ ಗೆರೆ ಥಟ್ಟನೆ ಕೆಳಗಿಳಿದಾಗ ಯಾರೋ ಕೇಬಲ್ ಸಡಿಲವಾಗಿದೆಯೇ ನೋಡಿ ಅಂದರು.

ದಾರಿಯಲ್ಲಿ ಸಂಕೇತದ ಸೋರಿಕೆ ಮಾತ್ರ ಉಳಿಯಿತು. ನನ್ನ ಹಳೆಯ ಜಗಳ ಸರ್ಕ್ಯುಲೇಟರಿನೊಂದಿಗೆ. ಆಂಪ್ಲಿಫೈಯರಿನ ಗದ್ದಲ ಹಿಂದಕ್ಕೆ ಹರಿದು ಕ್ಯೂಬಿಟ್ ಕೆಡದಂತೆ ತಡೆಯುವ, ಒಳಗೆ ಅಯಸ್ಕಾಂತವಿರುವ ಡಬ್ಬಿ ಅದು. ಅದು ಬೇಕೇ ಬೇಕು, ಆದರೆ ದಾರಿಯಲ್ಲಿ ಸಂಕೇತವನ್ನೂ ತಿನ್ನುತ್ತದೆ. ಕನೆಕ್ಟರುಗಳೂ ತಮ್ಮ ಪಾಲು ಕೀಳುತ್ತವೆ. ಆಂಪ್ಲಿಫೈಯರ್ ಮುಟ್ಟುವ ಮೊದಲೇ ಕಳೆದ ಫೋಟಾನನ್ನು ಆಮೇಲೆ ಎಷ್ಟು ಹಿಗ್ಗಿಸಿದರೂ ಮರಳಿ ಪಡೆಯಲಾಗದು. ದುಬಾರಿ ಆಂಪ್ಲಿಫೈಯರ್ ಕೊಂಡು ಅಗ್ಗದ ಕೇಬಲ್ ಹಾಕಿದವರನ್ನು ಕಂಡು ನನಗೆ ಈಗಲೂ ಸಿಟ್ಟು ಬರುತ್ತದೆ.

ಕ್ಯೂಬಿಟ್ ಓದುವ ವೇಗದ ಪೇಚು ಬೇರೆ. ರೆಸೊನೇಟರಿನ ಬಾಗಿಲು ಅಗಲ ಮಾಡಿದರೆ ಫೋಟಾನು ಬೇಗ ಹೊರಬರುತ್ತದೆ, ಅದೇ ಬಾಗಿಲಲ್ಲಿ ಕ್ಯೂಬಿಟ್‌ನ ಶಕ್ತಿಯೂ ಹರಿದುಹೋಗುತ್ತದೆ. ಇದನ್ನು ಬಿಡಿಸಿದ್ದು ಪರ್ಸೆಲ್ ಫಿಲ್ಟರ್: ಅದು ಸಂಕೇತವನ್ನು ಹೊರಬಿಟ್ಟು ಕ್ಯೂಬಿಟ್‌ನ ಆವರ್ತನವನ್ನಷ್ಟೇ ತಡೆಯಿತು. 2014ರಲ್ಲಿ ಸಾಂಟಾ ಬಾರ್ಬರಾದವರು 140 ನ್ಯಾನೋಸೆಕೆಂಡಿನಲ್ಲಿ 99.8%, 2017ರಲ್ಲಿ ಜ್ಯೂರಿಕ್‌ನವರು 88ರಲ್ಲಿ 99.2% ನಿಖರತೆ ಮುಟ್ಟಿದರು.

ಈಗಿನ ಹುಡುಗರು 200 ನ್ಯಾನೋಸೆಕೆಂಡ್ ತೀರಾ ನಿಧಾನವೆಂದು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ತಪ್ಪಿಲ್ಲ: ದೋಷ ತಿದ್ದಲು ಕೆಲವು ಕ್ಯೂಬಿಟ್‌ಗಳನ್ನು ಮತ್ತೆ ಮತ್ತೆ ಓದಬೇಕು, ಆ ಓದು ಮುಗಿಯುವವರೆಗೂ ಮಾಹಿತಿ ಹೊತ್ತ ಉಳಿದವು ಸುಮ್ಮನೆ ಕಾಯುತ್ತ ಕೆಡುತ್ತಿರುತ್ತವೆ.