ನಿದ್ರೆಯ ಅಂಕಪಟ್ಟಿ



32 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನನಗೆ ಅಂಕಪಟ್ಟಿಗಳು ಹೊಸತಲ್ಲ. ಆದರೆ ಕಳೆದ ವರ್ಷ ನನ್ನದೇ ಹೆಸರಿನಲ್ಲಿ ಆರು ಪುಟಗಳ ಅಂಕಪಟ್ಟಿಯೊಂದು ಬಂದಿತು. ಅದು ನಾನು ಮಲಗಿ ಬರೆದ ಪರೀಕ್ಷೆಯದು! ನಿಮ್ಮಲ್ಲಿ ಹಲವರು ದೂರವಾಣಿಯಲ್ಲಿ ವಿಚಾರಿಸಿದ್ದರಿಂದ ಇಲ್ಲಿ ವಿವರವಾಗಿಯೇ ಬರೆಯುತ್ತಿದ್ದೇನೆ.

ರಕ್ತದೊತ್ತಡಕ್ಕೆ ಮೂರು ಬಗೆಯ ಮಾತ್ರೆ ಸೇವಿಸುತ್ತಿದ್ದರೂ ಅದು ಹತೋಟಿಗೆ ಬರುತ್ತಿರಲಿಲ್ಲ. ವೈದ್ಯರು ಎರಡು ಪ್ರಶ್ನೆ ಕೇಳಿದರು. ಬೆಳಿಗ್ಗೆ ಏಳುವಾಗ ಆಯಾಸವಿರುತ್ತದೆಯೇ? ರಾತ್ರಿ ಗೊರಕೆಯುಂಟೇ? ಮೊದಲನೆಯದಕ್ಕೆ ನಾನು ಹೌದೆಂದೆ. ಎರಡನೆಯದಕ್ಕೆ ಪಕ್ಕದಲ್ಲಿದ್ದ ನನ್ನ ಮನೆಯಾಕೆ ಉತ್ತರಿಸಿದಳು: "ಗೊರಕೆ ಹೊಡೆದರೆ ನನಗೇನೂ ಚಿಂತೆಯಿಲ್ಲ ಡಾಕ್ಟ್ರೇ, ಅದು ನಿಂತಾಗಲೇ ಭಯ." ಆ ಮಾತು ಕೇಳಿದೊಡನೆ ವೈದ್ಯರು ನಿದ್ರಾಪರೀಕ್ಷೆಗೆ ಚೀಟಿ ಬರೆದರು.

ತಲೆ, ಕಣ್ಣಿನ ಬದಿ, ಗಲ್ಲ, ಕಾಲುಗಳಿಗೆ ತಂತಿ. ಎದೆಗೂ ಹೊಟ್ಟೆಗೂ ಪಟ್ಟಿ. ಮೂಗಿನ ಬಳಿ ಸಣ್ಣ ನಳಿಕೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಈ ಅಲಂಕಾರದಲ್ಲಿ ಏಳು ಗಂಟೆ ಹಾಸಿಗೆಯ ಮೇಲಿದ್ದೆ. ನಿದ್ರೆ ಬಂದದ್ದು ಐದೂವರೆ ಗಂಟೆ.

ವರದಿಯ ಮುಖ್ಯ ಅಂಕಿಯ ಹೆಸರು ಎ.ಎಚ್.ಐ. ಅದರ ಲೆಕ್ಕ ಏಳನೇ ತರಗತಿಯ ಭಾಗಾಕಾರವಷ್ಟೆ. ಗಾಳಿಯ ಹರಿವು ಹತ್ತು ಸೆಕೆಂಡಾದರೂ ಬಹುತೇಕ ನಿಂತರೆ ಅದು ಆಪ್ನಿಯಾ. ಹರಿವು ಕನಿಷ್ಠ ಶೇ. 30ರಷ್ಟು ತಗ್ಗಿ, ಜೊತೆಗೆ ರಕ್ತದ ಆಮ್ಲಜನಕ ಕುಸಿದರೆ ಅಥವಾ ಮಿದುಳು ಕ್ಷಣಕಾಲ ಎಚ್ಚೆತ್ತರೆ ಅದು ಹೈಪಾಪ್ನಿಯಾ. ಎರಡನ್ನೂ ಕೂಡಿಸಿ ನಿದ್ರೆಯ ಗಂಟೆಗಳಿಂದ ಭಾಗಿಸಬೇಕು. ನನ್ನವು 112 ಮತ್ತು 75, ಒಟ್ಟು 187. ಅದನ್ನು 5.5ರಿಂದ ಭಾಗಿಸಿದರೆ 34. ಐದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ. 5ರಿಂದ 15 ಸೌಮ್ಯ. 15ರಿಂದ 30 ಮಧ್ಯಮ. 30 ದಾಟಿದರೆ ತೀವ್ರ. ಕಡಿಮೆ ಅಂಕ ಬಂದವನೇ ಜಾಣನಾಗುವ ಪರೀಕ್ಷೆ ಇದೊಂದೇ ಇರಬೇಕು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತೇರ್ಗಡೆಗೆ 35 ಅಂಕ ಬೇಕಿತ್ತು. 34 ಪಡೆದವನಿಗೂ 35 ಪಡೆದವನಿಗೂ ಜ್ಞಾನದಲ್ಲಿ ಎಷ್ಟು ವ್ಯತ್ಯಾಸವಿದ್ದೀತು? ಇಲ್ಲಿಯೂ ಹಾಗೆಯೇ. 29 ಬಂದವನು ನಿಶ್ಚಿಂತನಲ್ಲ, 31 ಬಂದವನು ಮುಳುಗಿದವನಲ್ಲ. ಆದ್ದರಿಂದ ಒಂದೇ ಅಂಕಿಗೆ ಅಂಟಿಕೊಳ್ಳದೆ ಉಳಿದ ಪುಟಗಳನ್ನೂ ಓದಬೇಕು.

ಸರಾಸರಿ ಎಂಬುದು ಬಹಳಷ್ಟನ್ನು ಮುಚ್ಚಿಡುತ್ತದೆಂದು ನಿಮಗೆ ಕರಿಹಲಗೆಯ ಮೇಲೆ ಎಷ್ಟು ಸಲ ಹೇಳಿದ್ದೆ! ಅಂಗಾತ ಮಲಗಿದ್ದ ಮೂರು ಗಂಟೆಗಳಲ್ಲಿ ನನ್ನ ಉಸಿರು 141 ಬಾರಿ ತಡೆದಿತ್ತು, ಅಂದರೆ ಗಂಟೆಗೆ 47. ಮಗ್ಗುಲಾಗಿದ್ದ ಎರಡೂವರೆ ಗಂಟೆಗಳಲ್ಲಿ 46, ಅಂದರೆ ಗಂಟೆಗೆ ಸುಮಾರು 18. "ಹಾಗಾದರೆ ಮಗ್ಗುಲಾಗಿ ಮಲಗಿದರೆ ಸಾಲದೇ?" ಎಂದು ಕೇಳಿದೆ. "18 ಕೂಡ ಮಧ್ಯಮ ಶ್ರೇಣಿಯೇ ಅಲ್ಲವೇ ಮೇಷ್ಟ್ರೇ?" ಎಂದರು ವೈದ್ಯರು. ಮರುಮಾತಾಡಲಿಲ್ಲ.

ನನ್ನನ್ನು ಕಲಕಿದ್ದು ಬೇರೆ ಎರಡು ಸಾಲುಗಳು. ಆಮ್ಲಜನಕದ ಕನಿಷ್ಠ ಮಟ್ಟ ಶೇ. 74, ಅತಿ ದೀರ್ಘ ಉಸಿರುಗಟ್ಟುವಿಕೆ 58 ಸೆಕೆಂಡು. ಮನೆಗೆ ಬಂದು ಗಡಿಯಾರ ನೋಡುತ್ತ 58 ಸೆಕೆಂಡು ಸುಮ್ಮನೆ ಕುಳಿತೆ. ಬಹಳ ದೀರ್ಘವಾದ ಕಾಲ ಅದು. ಎಷ್ಟೋ ವರ್ಷ ಇವಳು ಆ ಕತ್ತಲೆಯಲ್ಲಿ ಎದ್ದು ಕುಳಿತು, ನನ್ನ ಮುಂದಿನ ಉಸಿರಿಗಾಗಿ ಕಾದಿದ್ದಳು. ಯಂತ್ರ ಒಂದು ರಾತ್ರಿ ಎಣಿಸಿದ್ದನ್ನು ಅವಳು ಎಷ್ಟು ರಾತ್ರಿ ಎಣಿಸಿದ್ದಳೋ! ಆ ಲೆಕ್ಕ ಯಾವ ವರದಿಯಲ್ಲಿಯೂ ಇಲ್ಲ.

ಈಗ ಸಿಪ್ಯಾಪ್ ಯಂತ್ರದೊಡನೆ ಮಲಗುತ್ತೇನೆ. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ ಉಪಾಯವಿದು: ಮುಖಕವಚದ ಮೂಲಕ ಹಿತವಾದ ಒತ್ತಡದಲ್ಲಿ ಗಾಳಿ ಹರಿಸಿ, ಗಂಟಲಿನ ದಾರಿ ಕುಸಿಯದಂತೆ ಹಿಡಿದಿಡುವುದು. ಮೊದಲ ಹದಿನೈದು ದಿನ ಬಾಯಿ ಒಣಗಿತು, ಕವಚದಂಚಿನಿಂದ ಗಾಳಿ ಸೋರಿತು. ಕವಚದ ಅಳತೆ ಬದಲಿಸಿ, ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿಯನ್ನು ಜೋಡಿಸಿದ ಮೇಲೆ ಸರಿಹೋಯಿತು. ಮೊಮ್ಮಗ ನನ್ನನ್ನು ಗಣಪತಿ ತಾತ ಎನ್ನುತ್ತಾನೆ. ಸೊಂಡಿಲಿಗೆ ಹೋಲಿಕೆ ಸರಿಯಾಗಿದೆ.

ಬೆಳಿಗ್ಗೆ ಯಂತ್ರದ ಪರದೆಯಲ್ಲಿ 2.6, 3.1 ಎಂಬಂಥ ಅಂಕಿ ಕಾಣುತ್ತದೆ. ಮೊದಲ ದಿನ ಹಿಗ್ಗಿದಾಗ ಇವಳು ಕೇಳಿದಳು: "ರೀ, ನಾಲ್ಕು ಗಂಟೆ ಹಾಕಿಕೊಂಡು ತೆಗೆದಿಟ್ಟರೆ ಅದು ಆ ನಾಲ್ಕು ಗಂಟೆಯ ಅಂಕ ತಾನೇ?" ಎಷ್ಟು ಸರಿಯಾದ ಪ್ರಶ್ನೆ! ಕವಚವಿಲ್ಲದ ಹೊತ್ತನ್ನು ಯಂತ್ರ ಎಣಿಸಲಾರದು. ಕನಸು ಕಾಣುವ ನಿದ್ರೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಆಗ ಸ್ನಾಯುಗಳು ತೀರ ಸಡಿಲಗೊಂಡು, ಅನೇಕರಲ್ಲಿ ಉಸಿರಿನ ತೊಂದರೆಯೂ ಹೆಚ್ಚುತ್ತದೆ. ಆದ್ದರಿಂದ ಅಂಕಿಯ ಜೊತೆ ಧರಿಸಿದ ಗಂಟೆಗಳನ್ನೂ, ಗಾಳಿಯ ಸೋರಿಕೆಯನ್ನೂ ನೋಡಬೇಕು. ನಾನು ಮೂರನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ರಕ್ತದೊತ್ತಡದ ಒಂದು ಮಾತ್ರೆಯನ್ನು ವೈದ್ಯರು ಕಡಿಮೆ ಮಾಡಿದ್ದಾರೆ. ಚಿಕಿತ್ಸೆ ಮುಗಿದಿಲ್ಲ; ಇದು ಕನ್ನಡಕದಂತೆ, ತೆಗೆದರೆ ಮತ್ತೆ ಮೊದಲಿನಂತೆಯೇ.

ನಿಮ್ಮಲ್ಲಿ ಹೆಚ್ಚಿನವರು ಈಗ ನಲವತ್ತು ದಾಟಿದವರು. ಬಸ್ಸು, ಲಾರಿ ನಡೆಸುವವರೂ ಇದ್ದೀರಿ. ಗೊರಕೆಯೆಲ್ಲವೂ ರೋಗವಲ್ಲ; ತೆಳ್ಳಗಿನವರಿಗೆ ಇದು ಬಾರದೆಂದೂ ಅಲ್ಲ. ಆದರೆ ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಹಗಲಲ್ಲಿ ವಾಹನ ನಡೆಸುವಾಗಲೂ ತೂಕಡಿಕೆ ಬಂದರೆ, ಕುಂಭಕರ್ಣನೆಂದು ನಕ್ಕು ಸುಮ್ಮನಾಗಬೇಡಿ. ವೈದ್ಯರ ಬಳಿಗೆ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ. ನೀವು ಕಾಣದ ಉತ್ತರ ಅವರಿಗೆ ಗೊತ್ತಿರುತ್ತದೆ.

ನಮ್ಮ ಮನೆಯಲ್ಲಿ ಈಗ ಇಬ್ಬರೂ ನಿದ್ರಿಸುತ್ತೇವೆ.