ಭಾರವೂ ದೂರವೂ

ಕಲಬುರಗಿ ಸೀಮೆಯ ಎರೆ ನೆಲ ವರ್ಷಕ್ಕೆ ಎರಡು ಸಲ ಮೈ ಬದಲಿಸುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. ಮುಂಗಾರು ಒಂದೆರಡು ಸಲ ಚೆನ್ನಾಗಿ ಸುರಿಯಿತೋ, ಅದೇ ನೆಲ ನೀರು ಕುಡಿದು ಉಬ್ಬಿ ಎತ್ತಿನ ಗೊರಸಿಗೂ ಮನುಷ್ಯರ ಚಪ್ಪಲಿಗೂ ಮೆತ್ತಿಕೊಳ್ಳುತ್ತದೆ. ತೊಗರಿ, ಜೋಳ ಈ ಮಣ್ಣನ್ನೇ ನಂಬಿ ಬೆಳೆಯುತ್ತವೆ. ಇದರ ಮೇಲೆ ಹಾಸಿದ ಡಾಂಬರು ಮಾತ್ರ ಬಾಳುವುದು ಕಷ್ಟ. ಕೆಳಗಿನ ಮಣ್ಣು ಏರಿ ಇಳಿದಂತೆ ಮೇಲಿನ ಪದರ ಸೀಳುತ್ತದೆ, ಸೀಳಿನಲ್ಲಿ ನೀರು ಇಂಗುತ್ತದೆ, ನೀರು ಇಂಗಿದ ಜಾಗದ ಮೇಲೆ ಲಾರಿಯ ಗಾಲಿ ಹಾಯ್ದರೆ ತಗ್ಗು ಬಿದ್ದಿತೆಂದೇ ಲೆಕ್ಕ. ರಸ್ತೆಯ ಖರ್ಚನ್ನು ಯಾರು ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬ ಪ್ರಶ್ನೆ ಬೇರೆ ಕಡೆ ಹೇಗೋ ಏನೋ, ನಮ್ಮ ಕಡೆ ಅದು ಪ್ರತಿ ಮಳೆಗಾಲವೂ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಇಂಥ ನೆಲದ ಮೇಲೆ ಓಡುವುದು ಕಡಿಮೆ ಭಾರವೇನಲ್ಲ. ಸೇಡಂ, ಮಳಖೇಡ, ವಾಡಿಯ ಕಾರ್ಖಾನೆಗಳಿಂದ ಸಿಮೆಂಟು. ಶಹಾಬಾದ್, ಚಿತ್ತಾಪುರದ ಕಡೆಯಿಂದ ಫರಸಿ ಕಲ್ಲು. ಕಪನೂರ ಕೈಗಾರಿಕಾ ಪ್ರದೇಶದ ದಾಲ್‌ಮಿಲ್ಲುಗಳಿಂದ ತೊಗರಿ ಬೇಳೆ. ಕಪನೂರ ದಾಟಿದ ಮೇಲೆ ಹುಮನಾಬಾದ್ ಹಾದಿ. ಕಾಗದದ ಮೇಲೆ ಅದು ರಾಷ್ಟ್ರೀಯ ಹೆದ್ದಾರಿ 50. ಹಳೆಯ ಡ್ರೈವರುಗಳ ಬಾಯಲ್ಲಿ ಇನ್ನೂ 218. ಮಹಾಗಾಂವ ಕ್ರಾಸ್, ಕುರಿಕೋಟಾ ಸೇತುವೆ, ಆಮೇಲೆ ಕಮಲಾಪುರ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕಂಡರೆ ಗಾಡಿ ನಿಲ್ಲಿಸದೆ ಹೋಗುವುದು ನನ್ನಿಂದಾಗದು. ಜಿ.ಐ. ಮಾನ್ಯತೆ ಪಡೆದ ಹಣ್ಣು ಅದು. ಸಿಪ್ಪೆ ಕೆಂಪು, ತಿರುಳು ಕೆನೆ ಬಣ್ಣ, ಬೆಲೆಯೂ ಬೇರೆ ಬಾಳೆಗಿಂತ ಬಹಳ ಮೇಲೆ. ತಗ್ಗು ದಿನ್ನೆಯ ಹಾದಿಯಲ್ಲಿ ಸಾಗಿಸಿದರೆ ಬಹುಬೇಗ ಕಪ್ಪುಗಟ್ಟುವ ಹಣ್ಣೂ ಹೌದು. ರಸ್ತೆ ಕೆಟ್ಟರೆ ಬೆಳೆದವರ ನಷ್ಟ ಆ ಸಿಪ್ಪೆಯ ಮೇಲೆಯೇ ಕಾಣುತ್ತದೆ.

ರಸ್ತೆಗೆಂದು ನಾವು ಕೊಡುವ ಹಣ ಪೆಟ್ರೋಲ್ ಪಂಪಿನಲ್ಲೇ ಶುರುವಾಗುತ್ತದೆ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕ ಇಳಿಸಿದ ಮೇಲೆ ಲೀಟರ್ ಪೆಟ್ರೋಲಿಗೆ 19.90 ರೂಪಾಯಿ, ಡೀಸೆಲ್‌ಗೆ 15.80 ರೂಪಾಯಿ ಕೇಂದ್ರದ ಪಾಲಾಯಿತು. ಅದರೊಳಗೆ ‘ರಸ್ತೆ ಮತ್ತು ಮೂಲಸೌಕರ್ಯ ಸೆಸ್’ ಎಂದು ಹೆಸರಿಟ್ಟು ತೆಗೆದುಕೊಂಡದ್ದು ಪೆಟ್ರೋಲಿಗೆ 5, ಡೀಸೆಲ್‌ಗೆ 2 ರೂಪಾಯಿ. ರಾಜ್ಯದ ಮಾರಾಟ ತೆರಿಗೆ ಇದರ ಮೇಲೆ ಬೇರೆ: 2024ರ ಜೂನ್‌ನಲ್ಲಿ ಪೆಟ್ರೋಲಿಗೆ ಶೇ 29.84, ಡೀಸೆಲ್‌ಗೆ ಶೇ 18.44 ಆಯಿತು, ಮರುವರ್ಷ ಏಪ್ರಿಲ್‌ನಲ್ಲಿ ಡೀಸೆಲ್‌ನದು ಶೇ 21.17ಕ್ಕೆ ಏರಿತು.

ಇಂಧನದ ಮೇಲಿನ ತೆರಿಗೆಗೆ ಒಂದು ಸರಳ ನ್ಯಾಯವಿತ್ತು. ಹೆಚ್ಚು ಓಡಿಸಿದವರು ಹೆಚ್ಚು ಕೊಡುತ್ತಾರೆ, ಭಾರದ ಗಾಡಿ ಹೆಚ್ಚು ಎಣ್ಣೆ ಕುಡಿಯುವುದರಿಂದ ಅದೂ ಹೆಚ್ಚು ಕೊಡುತ್ತದೆ. ನಾಕಾ ಬೇಡ, ರಸೀದಿ ಬೇಡ, ಯಾರು ಎಲ್ಲಿಗೆ ಹೋದರೆಂದು ಬರೆದಿಡುವುದೂ ಬೇಡ. ಈ ದೇಶದಲ್ಲಿ ಅದಕ್ಕೆ ಸುಮಾರು ನೂರು ವರ್ಷದ ಇತಿಹಾಸವಿದೆ. ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕವಾದ ಸಮಿತಿ ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ ರಸ್ತೆಗೆ ಕೊಡಿ ಎಂದಿತು. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ನಾವು ಆಗ ನಿಜಾಮರ ಆಳ್ವಿಕೆಯಲ್ಲಿದ್ದೆವು. ಅಲ್ಲಿ 1932ರಲ್ಲಿ ಸರ್ಕಾರದ ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನಿಟ್ಟುಕೊಂಡು ಜನರನ್ನು ಸಾಗಿಸಲು ನಿಂತಿತು. ಬಸ್ಸು ಬಂದದ್ದು ಬೇಗ, ಒಳ್ಳೆಯ ಹಾದಿ ಬಂದದ್ದು ತಡವಾಗಿ. ಇಲ್ಲಿಯ ಎಷ್ಟೋ ಹಳ್ಳಿಗಳು ಡಾಂಬರು ಕಂಡದ್ದು 2000ದ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾದ ಮೇಲೆ. ಆ ಯೋಜನೆಗೆ ಡೀಸೆಲ್ ಸೆಸ್ಸಿನ ಒಂದು ಪಾಲನ್ನು ಎತ್ತಿಟ್ಟಿದ್ದರು. ಎಣ್ಣೆಯ ಮೇಲೆ ಕೊಟ್ಟ ಕಾಸು ಹಳ್ಳಿಯ ಹಾದಿಯಾಗಿ ತಿರುಗಿ ಬಂದ ಉದಾಹರಣೆಗೆ ನಾನು ಇದನ್ನು ಯಾವಾಗಲೂ ನೆನೆಯುತ್ತೇನೆ. 2018ರಲ್ಲಿ ಕೇಂದ್ರ ರಸ್ತೆ ನಿಧಿಯ ಹೆಸರಿಗೆ ‘ಮೂಲಸೌಕರ್ಯ’ ಎಂಬುದೂ ಸೇರಿ ಅದರ ಹಣ ರಸ್ತೆಯಾಚೆಗಿನ ಕೆಲಸಗಳಿಗೂ ಹರಿಯುವಂತಾಯಿತು.

ಆದರೆ ಎಣ್ಣೆಯ ಮೇಲಿನ ಈ ಲೆಕ್ಕದಲ್ಲಿ ಒಂದು ಅನ್ಯಾಯ ಅಡಗಿದೆ, ಅದನ್ನು ಉಣ್ಣುವವರು ಹಳ್ಳಿಯವರೇ. ರಸ್ತೆ ಕೆಟ್ಟಷ್ಟೂ ಗೇರು ಬದಲಿಸುತ್ತ, ನಿಂತು ಎದ್ದು ಹೋಗಬೇಕು. ಬೈಕು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಪೆಟ್ರೋಲ್ ಹೆಚ್ಚಾದಷ್ಟೂ ತೆರಿಗೆ ಹೆಚ್ಚು. ಅಂದರೆ ಕೆಟ್ಟ ಹಾದಿಯವರು ಒಳ್ಳೆಯ ಹಾದಿಯವರಿಗಿಂತ ಹೆಚ್ಚು ರಸ್ತೆ ತೆರಿಗೆ ಕೊಡುತ್ತಿದ್ದಾರೆ. ಹೊಲದೊಳಗೆ ಉಳುವ ಟ್ರ್ಯಾಕ್ಟರು ಸುಡುವ ಡೀಸೆಲ್ಲಿಗೂ ರಸ್ತೆಯ ಸೆಸ್ಸು ಸೇರಿದೆ. ನೇಗಿಲ ಸಾಲಿಗೂ ಹೆದ್ದಾರಿಗೂ ಏನು ಸಂಬಂಧ? ಇತ್ತ ಬ್ಯಾಟರಿ ಕಾರು ಪಂಪಿನ ಮುಂದೆ ನಿಲ್ಲುವುದೇ ಇಲ್ಲ. ಕರ್ನಾಟಕ 2016ರಿಂದ ಬ್ಯಾಟರಿ ವಾಹನಗಳ ಆಜೀವ ತೆರಿಗೆ ಬಿಟ್ಟುಕೊಟ್ಟಿತ್ತು. 2024ರಲ್ಲಿ 25 ಲಕ್ಷಕ್ಕಿಂತ ಮೇಲಿನ ಬೆಲೆಯವಕ್ಕೆ ಶೇ 10 ಹಾಕಿತು. ಗಾಳಿ ಶುದ್ಧವಾಗಲಿ, ನನಗೂ ಸಂತೋಷವೇ. ಆದರೆ ಬ್ಯಾಟರಿ ಗಾಡಿಗಳು ಹೆಚ್ಚಿದಂತೆ ರಸ್ತೆಗೆ ಬರುವ ಹಣ ಬತ್ತುತ್ತದೆ. ಕೊನೆಗೆ ಉಳಿದ ಭಾರ ಹೊರುವವರು ಹಳೆಯ ಬೈಕು, ಹಳೆಯ ಟಂಟಂ ಇಟ್ಟುಕೊಂಡವರು.

ಅದಕ್ಕೇ ಲೋಕದಲ್ಲಿ ಈಗ ಓಡಿದ ದೂರಕ್ಕೆ ತೆರಿಗೆ ಎಂಬ ಮಾತು. ನ್ಯೂಜಿಲೆಂಡಿನಲ್ಲಿ ಡೀಸೆಲ್ ಗಾಡಿಗಳವರು 1978ರಿಂದ ಸಾವಿರ ಕಿಲೋಮೀಟರಿಗಿಷ್ಟು ಎಂದು ಮುಂಗಡ ಹಣ ಕೊಟ್ಟು, ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡು ಓಡಿಸುತ್ತ ಬಂದಿದ್ದಾರೆ; 2024ರ ಏಪ್ರಿಲ್‌ನಿಂದ ಬ್ಯಾಟರಿ ಕಾರುಗಳಿಗೂ ಅದೇ ನಿಯಮ, ಸಾವಿರ ಕಿಲೋಮೀಟರಿಗೆ ಅಲ್ಲಿಯ 76 ಡಾಲರ್. ಅಮೆರಿಕದಲ್ಲಿ 1919ರಲ್ಲಿ ಮೊತ್ತಮೊದಲು ಪೆಟ್ರೋಲಿಗೆ ತೆರಿಗೆ ಹಾಕಿದ ಒರೆಗಾನ್ ರಾಜ್ಯವೇ 2015ರಲ್ಲಿ, ಇಷ್ಟವಿದ್ದವರು ಮೈಲಿ ಲೆಕ್ಕದಲ್ಲಿ ಕೊಡಿ ಎಂದಿತು. ನಮ್ಮ ರಾಜ್ಯವೂ ಹೊರಗುಳಿದಿಲ್ಲ. ಉಪಗ್ರಹದ ಮೂಲಕ ಗಾಡಿ ಓಡಿದ ದೂರ ಅಳೆದು ಟೋಲ್ ತೆಗೆದುಕೊಳ್ಳುವ ಪ್ರಯೋಗಕ್ಕೆ ಕೇಂದ್ರ ಆರಿಸಿಕೊಂಡ ಎರಡು ರಸ್ತೆಗಳಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಒಂದು. 2024ರ ಸೆಪ್ಟೆಂಬರಿನ ನಿಯಮದ ಪ್ರಕಾರ ಹಾಗೆ ದೂರ ಅಳೆಯುವ ಸಾಧನವಿರುವ ಗಾಡಿಗೆ ದಿನಕ್ಕೆ ಒಂದೊಂದು ದಿಕ್ಕಿನಲ್ಲಿ ಮೊದಲ 20 ಕಿಲೋಮೀಟರ್ ಉಚಿತ.

ಈ 20 ಕಿಲೋಮೀಟರ್ ಎಂಬ ಅಂಕಿಯ ಮುಂದೆ ನನ್ನ ಮನಸ್ಸು ನಿಂತುಬಿಡುತ್ತದೆ. ಕಮಲಾಪುರದಿಂದ ಕಲಬುರಗಿಗೆ ಮೂವತ್ತು, ಮೂವತ್ತೈದು ಕಿಲೋಮೀಟರ್. ಕಮಲಾಪುರ ತಾಲ್ಲೂಕು ಆದದ್ದು ಇತ್ತೀಚೆಗೆ. ಊರಿಗೆ ತಹಸೀಲ್ದಾರರು ಬಂದರೂ ದೊಡ್ಡ ಕೆಲಸಗಳೆಲ್ಲ ಕಲಬುರಗಿಯಲ್ಲೇ. ಎದೆ ನೋವೆಂದರೆ ಜಯದೇವ ಆಸ್ಪತ್ರೆಗೆ ಬರಬೇಕು. ಮಗಳ ಕಾಲೇಜು, ಜಿಲ್ಲಾ ನ್ಯಾಯಾಲಯ, ತೊಗರಿ ಮಾರುವ ನೆಹರು ಗಂಜ್, ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ಎಲ್ಲಕ್ಕೂ ಇದೇ ಹಾದಿ. ಬೆಂಗಳೂರಿನ ಗೃಹಸ್ಥರೊಬ್ಬರು ಮನೆಯ ಸುತ್ತ ಐದು ಕಿಲೋಮೀಟರಿನಲ್ಲಿ ಮುಗಿಸುವ ಬದುಕಿಗೆ ಇಲ್ಲಿಯವರು ಎಪ್ಪತ್ತು ಓಡಬೇಕು. ದೂರ ಅವರು ಬಯಸಿ ಪಡೆದದ್ದಲ್ಲ. ಆಸ್ಪತ್ರೆ, ಕಾಲೇಜು ಕಟ್ಟಿದವರು ಅವರ ತಲೆಗೆ ಕಟ್ಟಿದ್ದು. ಬರೀ ದೂರ ಅಳೆದು ತೆರಿಗೆ ಹಾಕಿದರೆ ಹಿಂದುಳಿದ ಸೀಮೆಗೆ ಹಿಂದುಳಿದದ್ದಕ್ಕೇ ದಂಡ ಹಾಕಿದಂತೆ. ಇದನ್ನು ನಾನು ಒಪ್ಪಲಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ ಎಂಬುದು ಈ ಹಾದಿಯಲ್ಲಿ ಎಷ್ಟು ದೊಡ್ಡ ಮಾತೆಂದು ತಿಳಿಯಬೇಕಾದರೆ ಬೆಳಗಿನ ಕಲಬುರಗಿ ಬಸ್ಸು ಹತ್ತಬೇಕು.

ಇದೇ ಹಾದಿ ಹುಮನಾಬಾದಿನಾಚೆ ಬಸವಕಲ್ಯಾಣಕ್ಕೆ ಮುಟ್ಟಿಸುತ್ತದೆ. ಹನ್ನೆರಡನೇ ಶತಮಾನದ ಆ ಕಲ್ಯಾಣದಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಶರಣನೊಬ್ಬನಿದ್ದ, ಸುಂಕದ ಬಂಕಣ್ಣ. ಬಂಕೇಶ್ವರಲಿಂಗ ಅಂಕಿತದಲ್ಲಿ ವಚನ ಬರೆದವನು; ತನ್ನ ಕಸುಬಿನ ಮಾತನ್ನೇ ವಚನಕ್ಕೆ ತಂದವನು. ಅನುಭವ ಮಂಟಪದ ಸುದ್ದಿ ಬಂದಾಗಲೆಲ್ಲ ನಮಗೆ ಅಂಬಿಗ, ಮಡಿವಾಳ, ಹರಳಯ್ಯ ನೆನಪಾಗುತ್ತಾರೆ, ಸುಂಕದವನು ನೆನಪಾಗುವುದಿಲ್ಲ. ಹಣ ಎಣಿಸುವ ಕೈಯೂ ಶುದ್ಧವಾಗಿರಬಹುದೆಂದು ಆ ಕಾಲ ನಂಬಿತ್ತಲ್ಲ, ಅದು ನನಗೆ ಬಹಳ ಹಿಡಿಸುತ್ತದೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂದೆಲ್ಲ ಸುಂಕಗಳ ಹೆಸರು ಸಿಗುತ್ತವೆ. ಎಷ್ಟೋ ಕಡೆ ಅವರ ಎಣಿಕೆ ಹೇರಿನ ಮೇಲೆ: ಒಂದು ಹೇರು ವೀಳ್ಯದೆಲೆಗೆ ಇಷ್ಟು, ಒಂದು ಹೇರು ದವಸಕ್ಕೆ ಇಷ್ಟು. ಎತ್ತಿನ ಬೆನ್ನ ಮೇಲೆ ಏನಿದೆ, ಎಷ್ಟಿದೆ ಎಂಬುದನ್ನು ಅವರು ಮೊದಲು ನೋಡುತ್ತಿದ್ದರು.

ನಮ್ಮ ಈಗಿನ ತೆರಿಗೆಗಳು ಅದನ್ನು ಸರಿಯಾಗಿ ನೋಡುವುದಿಲ್ಲ. ಕಾರಿನ ಆಜೀವ ತೆರಿಗೆ ಬೆಲೆ ನೋಡುತ್ತದೆ, ದೂರವನ್ನಲ್ಲ, ಭಾರವನ್ನಲ್ಲ. ಲಾರಿಯ ಮೂರು ತಿಂಗಳಿನ ತೆರಿಗೆ ತೂಕ ನೋಡುತ್ತದೆ, ಆದರೆ ನಿಂತ ಲಾರಿಗೂ ಓಡಿದ ಲಾರಿಗೂ ಒಂದೇ. ಪಂಪು ಲೀಟರ್ ನೋಡುತ್ತದೆ. ಟೋಲು ಅಚ್ಚುಗಳನ್ನು ಎಣಿಸುತ್ತದೆ, ಅದೂ ಟೋಲ್ ಇರುವ ರಸ್ತೆಯಲ್ಲಿ.

ಭಾರವನ್ನು ಏಕೆ ನೋಡಬೇಕು? ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ರಸ್ತೆಯ ತುಂಡುಗಳನ್ನು ಕಟ್ಟಿ, ಹಗಲೂ ರಾತ್ರಿ ಲಾರಿ ಓಡಿಸಿ, ಅವು ಹೇಗೆ ಹಾಳಾಗುತ್ತವೆಂದು ಅಳೆದರು. ಅದರಿಂದ ಎಂಜಿನಿಯರುಗಳು ಕಲಿತದ್ದು: ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು. ಭಾರದ ನಾಲ್ಕನೇ ಘಾತದಂತೆ ಹಾನಿ ಏರುತ್ತದೆ. 2018ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರ ನಾಲ್ಕು ಟಾಯರಿನ ಅಚ್ಚಿನ ಮೇಲೆ ಹೇರಬಹುದಾದ ಭಾರವನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟು. ಆ ಲೆಕ್ಕದಲ್ಲಿ ಹಾನಿ ಏರುವುದು ಶೇ 60ಕ್ಕೂ ಹೆಚ್ಚು. ಅಷ್ಟು ಹೆಚ್ಚಿನ ಹಣ ಎರೆ ನೆಲದ ರಸ್ತೆಗಳಿಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಒಂದು ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕು 5 ರೂಪಾಯಿ ರಸ್ತೆ ಸೆಸ್ ಕೊಟ್ಟರೆ ಕಿಲೋಮೀಟರಿಗೆ 10 ಪೈಸೆ ಬಿತ್ತು. ಲೀಟರಿಗೆ 4 ಕಿಲೋಮೀಟರ್ ಓಡುವ ತುಂಬಿದ ಲಾರಿ 2 ರೂಪಾಯಿ ಕೊಟ್ಟರೆ 50 ಪೈಸೆ. ಲಾರಿ ಕೊಡುವುದು ಬೈಕಿನ ಐದು ಪಟ್ಟು. ಇನ್ನು ಹಾನಿ: ಬೈಕಿನ ಹಿಂಗಾಲಿಯ ಮೇಲೆ 200 ಕಿಲೋ, ಲಾರಿಯ ಒಂದು ಅಚ್ಚಿನ ಮೇಲೆ 10 ಟನ್ ಎಂದು ಹಿಡಿದರೆ ಭಾರ 50 ಪಟ್ಟು, ಅದರ ನಾಲ್ಕನೇ ಘಾತ 62.5 ಲಕ್ಷ. ಲಾರಿಗಳಿಗಾಗಿ ಕಟ್ಟಿದ ಲೆಕ್ಕವನ್ನು ಬೈಕಿಗೆ ಹಚ್ಚುವಾಗ ಇದು ಅಂದಾಜೇ ಸರಿ. ರಸ್ತೆಯ ಅಗಲ, ಸೇತುವೆ, ದೀಪ ಎಲ್ಲರಿಗೂ ಬೇಕಾದವು, ಅವುಗಳ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ಅಂದಾಜಿನಲ್ಲಿ ಎಷ್ಟು ತಪ್ಪು ಹಿಡಿದರೂ ಐದಕ್ಕೂ ಅರವತ್ತೆರಡು ಲಕ್ಷಕ್ಕೂ ನಡುವಿನ ಕಂದರ ಮುಚ್ಚುವುದಿಲ್ಲ. ಕಮಲಾಪುರದ ಬೈಕಿನವರು ಯಾರದೋ ಸಿಮೆಂಟಿನ ಬಾಡಿಗೆ ಕೊಡುತ್ತಿದ್ದಾರೆ.

ಕಮಲಾಪುರದ ಹೊರಗಿನ ಧಾಬಾದಲ್ಲಿ ಚಹಾ ಕುಡಿಯುತ್ತ ವಯಸ್ಸಾದ ಲಾರಿ ಡ್ರೈವರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ.

“ರೋಡ್ ಕೆಡಸವ್ರು ನೀವೇ ಅಂತ ಎಲ್ಲಾರೂ ಅಂತಾರ್ರೀ. ಲೋಡ್ ತುಂಬವ್ರು ನಾವಲ್ಲ. ಮಾಲಕ್ರು ಎಷ್ಟ್ ಹಾಕ್ತಾರ, ಅಷ್ಟ್ ಒಯ್ಯೋದು.”

“ಹಂಗಾದ್ರ ಕಿಲೋಮೀಟರ್ ಲೆಕ್ಕದಾಗ ತೆರಗಿ ಹಾಕಿದ್ರ ಹೆಂಗ ಕಾಕಾ?” ಎಂದೆ.

“ಹೋಗೂ ಮುಂದ ತುಂಬಿರತದ, ಬರೂ ಮುಂದ ಖಾಲಿ ಇರತದ. ಖಾಲಿ ಬರೋದಕ್ಕೂ ಅಷ್ಟೇ ಹಾಕ್ತಾರೇನ್ರಿ?”

ಎಷ್ಟು ಸರಿಯಾದ ಪ್ರಶ್ನೆ! ಆಮೇಲೆ ಅವರೇ ಹೇಳಿದರು, ಆರು ಗಾಲಿಯ ಗಾಡಿಗೆ ಕಂಠಮಟ್ಟ ತುಂಬಿದರೆ ಸ್ಟೇರಿಂಗಿನಲ್ಲೇ ರಸ್ತೆ ಕುಸಿಯುವುದು ತಿಳಿಯುತ್ತದಂತೆ. ಅದೇ ಮಾಲು ಹನ್ನೆರಡು, ಹದಿನಾರು ಗಾಲಿಯ ಮೇಲೆ ಹರಡಿದರೆ ಅಷ್ಟು ಒತ್ತುವುದಿಲ್ಲವಂತೆ. ಒಟ್ಟಾವಾದಲ್ಲಿ ಅಳೆದು ಕಂಡದ್ದನ್ನು ಈ ಕಾಕಾ ಅಂಗೈಯಿಂದ ಕಲಿತಿದ್ದರು.

ಹಾಗಾಗಿ ನನ್ನ ಮಾತು ಇಷ್ಟು. ದೂರದ ತೆರಿಗೆ ಬರಲಿ, ಆದರೆ ಭಾರದ ಜೊತೆಗೂಡಿ ಬರಲಿ, ಮೊದಲು ಭಾರ ಹೊರುವ ಗಾಡಿಗಳಿಗೆ ಬರಲಿ, ಖಾಲಿ ಬಂದ ದೂರಕ್ಕೆ ಕಡಿಮೆ ಇರಲಿ. ಅದರಿಂದ ಬೇಳೆ, ಸಿಮೆಂಟಿನ ಬೆಲೆ ಏರಬಹುದು ಎನ್ನುವವರಿದ್ದಾರೆ. ಸ್ವಲ್ಪ ಏರಲಿ. ಸೇಡಂ ಸಿಮೆಂಟಿನಲ್ಲಿ ಹೈದರಾಬಾದಿನಲ್ಲಿ ಮನೆ ಕಟ್ಟುವವರು ಸೇಡಂ ರಸ್ತೆಗೂ ನಾಲ್ಕು ಕಾಸು ಕೊಡುವುದು ನ್ಯಾಯವೇ. ಇಂದು ಮಾಲು ಊರು ಬಿಡುತ್ತದೆ, ತಗ್ಗು ನಮ್ಮಲ್ಲಿ ಉಳಿಯುತ್ತದೆ. ಬೈಕು, ಟಂಟಂ, ಹಳ್ಳಿಯ ಸಣ್ಣ ಕಾರುಗಳನ್ನು ಇದರಿಂದ ದೂರವಿಡಬೇಕು. ಅವರು ಯಾವ ಆಸ್ಪತ್ರೆಗೆ, ಯಾವ ನೆಂಟರ ಮನೆಗೆ ಹೋದರೆಂದು ಬರೆದಿಡುವ ಯಂತ್ರ ಅವರ ಗಾಡಿಯಲ್ಲಿ ಬೇಕಾಗಿಲ್ಲ.

ಲಾರಿಗಳಿಗೂ ಹೊಸ ಯಂತ್ರ ಬೇಕಿಲ್ಲ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಪ್ರತಿ ಲಾರಿಯೂ ಕಾಟಾ ಹತ್ತಿ ತೂಕದ ಚೀಟಿ ಪಡೆದೇ ಹೊರಬೀಳುತ್ತದೆ. 2018ರ ಏಪ್ರಿಲ್ 1ರಿಂದ, 50 ಸಾವಿರ ರೂಪಾಯಿಗಿಂತ ಹೆಚ್ಚಿನ ಮಾಲಿಗೆ ಇ-ವೇ ಬಿಲ್ ಇದೆ. ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲು ತಂದದ್ದು ಕರ್ನಾಟಕವೇ. ಆ ಬಿಲ್ಲಿನಲ್ಲಿ ಲಾರಿಯ ನಂಬರ್ ಇದೆ, ಮಾಲಿನ ಪ್ರಮಾಣ ಇದೆ, ಎಲ್ಲಿಂದ ಎಲ್ಲಿಗೆ ಎಷ್ಟು ಕಿಲೋಮೀಟರ್ ಎಂಬುದೂ ಇದೆ. ಭಾರ, ದೂರ ಎರಡೂ ಸರ್ಕಾರದ ಕಂಪ್ಯೂಟರಿನಲ್ಲಿ ಆಗಲೇ ಕುಳಿತಿವೆ. ಅವೆರಡನ್ನೂ ಗುಣಿಸಿ, ಬಂದ ಹಣದಲ್ಲಿ ಸೇಡಂ ರಸ್ತೆಗೆಷ್ಟು, ಹುಮನಾಬಾದ್ ರಸ್ತೆಗೆಷ್ಟು ಎಂದು ಪ್ರತಿ ಮಳೆಗಾಲದ ಮೊದಲು ಕಲಬುರಗಿಯಲ್ಲೂ ಕಮಲಾಪುರದಲ್ಲೂ ಫಲಕ ಬರೆದು ನಿಲ್ಲಿಸಬೇಕು.